ಅಗುಳಿಯ ಆಟ

ಕಾಲ್ಚೆಂಡಿನ ಆಟದಲ್ಲಿ ಗೋಲು ಹೊಡೆದವನ ಹೆಸರು ಊರಿಗೆಲ್ಲ ತಿಳಿಯುತ್ತದೆ. ಗೋಲಾಗದಂತೆ ತಡೆದವನ ಹೆಸರು ಅವನ ತಂಡದವರ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಇದು ಲೋಕದ ರೀತಿ. ಅದರಲ್ಲಿಯೂ ಒಂದು ತಂಡ ಬಹುಹೊತ್ತು ತನ್ನ ಗೋಲಿನ ಮುಂದೆಯೇ ನಿಂತಿದ್ದು, ಎಲ್ಲೋ ಒಮ್ಮೆ ಎದುರಾಳಿಯ ಕಡೆಗೆ ನುಗ್ಗಿ, ಒಂದೇ ಒಂದು ಗೋಲಿನಿಂದ ಗೆದ್ದುಬಿಟ್ಟರಂತೂ ಪ್ರೇಕ್ಷಕರು ಮೂಗು ಮುರಿಯುತ್ತಾರೆ. "ಇದೂ ಒಂದು ಆಟವೇ? ಹೇಡಿಗಳ ಆಟ!" ಎಂಬ ಮಾತನ್ನು ಮೈದಾನದ ಮೆಟ್ಟಿಲುಗಳ ಮೇಲೆ ಕುಳಿತು ನಾನು ಅನೇಕ ಸಲ ಕೇಳಿದ್ದೇನೆ. ಈಗ ಟೆಲಿವಿಷನ್ನಿನ ಮುಂದೆ ಕುಳಿತವರ ಬಾಯಲ್ಲಿಯೂ ಅದೇ ಮಾತು. ಬಲವಂತನ ಎದುರು ದುರ್ಬಲನು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು ಹೇಡಿತನವೇ, ಇಲ್ಲ ವಿವೇಕವೇ? ಪ್ರಶ್ನೆ ಆಟದ್ದಾದರೂ ಉತ್ತರ ಆಟದಾಚೆಗೂ ಸಲ್ಲುವಂಥದು. ಆದಕಾರಣ ಈ ರಕ್ಷಣೆ-ಪ್ರತಿದಾಳಿಯ ಪದ್ಧತಿ ಎಲ್ಲಿಂದ ಬಂತು, ಹೇಗೆ ಬೆಳೆಯಿತು ಎಂಬುದನ್ನು ತುಸು ವಿಚಾರಿಸೋಣ.

ಕಾಲ್ಚೆಂಡಿನ ಚರಿತ್ರೆಯನ್ನು ಇಂಗ್ಲೆಂಡಿನಿಂದ ಆರಂಭಿಸುವುದು ವಾಡಿಕೆ. ನಾನು ಪೊಳಲಿಯಿಂದ ಆರಂಭಿಸುತ್ತೇನೆ. ಬಂಟ್ವಾಳ ತಾಲ್ಲೂಕಿನಲ್ಲಿ, ಫಲ್ಗುಣಿ ನದಿಯ ಮಗ್ಗುಲಲ್ಲಿ ಇರುವ ಈ ಊರು ಶ್ರೀ ರಾಜರಾಜೇಶ್ವರಿಯ ಮೃಣ್ಮಯ ಮೂರ್ತಿಯಿಂದ ಪ್ರಸಿದ್ಧವಾದುದು. ಮೀನ ಸಂಕ್ರಮಣದ ಹೊತ್ತಿಗೆ ಕೊಡಿಯೇರಿದರೆ ಸುಮಾರು ಒಂದು ತಿಂಗಳು ಜಾತ್ರೆ. ಆ ಜಾತ್ರೆಯ ಕೊನೆಯ ಭಾಗದಲ್ಲಿ ಐದು ದಿನ ನಡೆಯುವುದೇ ನಾಡಿಗೆಲ್ಲ ಹೆಸರಾದ ಪೊಳಲಿ ಚೆಂಡು. ಚರ್ಮದ ಚೆಂಡನ್ನು ಹೊಲಿದುಕೊಡುವ ಹಕ್ಕು ಮೂಡುಬಿದಿರೆಯ ಒಂದು ಮನೆತನದ್ದು. ಅದರ ವೆಚ್ಚವನ್ನು ವಹಿಸಿ ಚೆಂಡನ್ನು ಒಪ್ಪಿಸುವ ಹೊಣೆ ಮಿಜಾರಿನ ಎಣ್ಣೆಗಾಣದ ಮನೆತನದ್ದು. ಚೆಂಡು ಮುಗಿದ ಮೇಲೆ ಮಹಾರಥೋತ್ಸವ, ಅದಾದ ಮೇಲೆ ಅವಭೃತ. ಒಳಿತು ಕೆಡುಕುಗಳ ಕಾದಾಟದ ಸಂಕೇತ ಈ ಆಟ ಎಂದು ಭಕ್ತರು ಹೇಳುತ್ತಾರೆ.

ಚೆಂಡಿನ ಗದ್ದೆಯಲ್ಲಿ ಹನ್ನೊಂದು ಮಂದಿಯ ಲೆಕ್ಕವಿಲ್ಲ, ಆಫ್‌ಸೈಡ್ ಇಲ್ಲ, ಹಾಫ್‌ಬ್ಯಾಕ್ ಫಾರ್ವರ್ಡ್ ಎಂಬ ಭೇದವಿಲ್ಲ. ಚೆಂಡು ಎಲ್ಲಿಯೋ ಜನ ಅಲ್ಲಿ. ಇಂಥದೇ ಆಟ ಇಂಗ್ಲೆಂಡಿನ ಡರ್ಬಿಶೈರಿನ ಆಶ್‌ಬೋರ್ನ್ ಎಂಬ ಊರಿನಲ್ಲಿಯೂ ಇದೆ. ಅಲ್ಲಿ ಈಸ್ಟರಿನ ಮೊದಲಿನ ಉಪವಾಸ ಕಾಲ ತೊಡಗುವ ಸಮಯದಲ್ಲಿ, ಒಂದು ಮಂಗಳವಾರ ಮತ್ತು ಬುಧವಾರ, ಹೊಳೆಯ ಆಚೆಯವರೂ ಈಚೆಯವರೂ ಎರಡು ಪಕ್ಷವಾಗುತ್ತಾರೆ. ಗೋಲಿನಿಂದ ಗೋಲಿಗೆ ಮೂರು ಮೈಲಿ ದೂರ! ಪೊಳಲಿಗೂ ಆಶ್‌ಬೋರ್ನಿಗೂ ಯಾರೂ ಪತ್ರ ಬರೆದು ವಿಚಾರಿಸಿಕೊಂಡವರಲ್ಲ. ಚೆಂಡೊಂದು, ಪಕ್ಷಗಳೆರಡು, ಹಬ್ಬದ ಹುರುಪು—ಇಷ್ಟಿದ್ದರೆ ಮನುಷ್ಯ ಎಲ್ಲಿದ್ದರೂ ಅದನ್ನೇ ಮಾಡುತ್ತಾನೆ.

ಈ ಆಟಗಳನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಎಲ್ಲರೂ ಚೆಂಡಿಗೇ ಮುತ್ತಿದರೆ ಅಲ್ಲಿ ದಾಳಿಯೂ ಇಲ್ಲ, ರಕ್ಷಣೆಯೂ ಇಲ್ಲ, ನೂಕುನುಗ್ಗಲು ಮಾತ್ರ. ಯಾವನೋ ಒಬ್ಬ "ಚೆಂಡು ಅಲ್ಲಿದೆ, ಆದರೂ ನಾನು ಇಲ್ಲಿಯೇ ನಿಲ್ಲುತ್ತೇನೆ" ಎಂದು ನಿಂತ ದಿನವೇ ವ್ಯೂಹ ಹುಟ್ಟಿತು. ಆ ನಿಂತವನು ಹೇಡಿಯಲ್ಲ. ಆಟದ ಮೊದಲನೆಯ ವಿಚಾರವಂತ. ಆಸೆಯನ್ನು ತಡೆದುಕೊಂಡು ನಿಲ್ಲುವುದಕ್ಕೆ ಓಡುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

೧೮೬೩ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾಗಿ ನಿಯಮಗಳು ಅಚ್ಚಾದುವು. ಆದರೂ ಆಟ ಬಹುಕಾಲ ದಾಳಿಯದೇ ಆಗಿತ್ತು. ೧೮೭೨ರಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಮೊದಲನೆಯ ಅಂತರರಾಷ್ಟ್ರೀಯ ಪಂದ್ಯ ನಡೆದಾಗ ಎರಡು ಕಡೆಯೂ ಬಹುಪಾಲು ಆಟಗಾರರು ಫಾರ್ವರ್ಡುಗಳೇ. ಇಷ್ಟು ಮಂದಿ ಮುಂದೆ ನಿಂತರೂ ಪಂದ್ಯ ಗೋಲಿಲ್ಲದೆ ಮುಗಿಯಿತು! ದಾಳಿಕಾರರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಗೋಲು ಹೆಚ್ಚುವುದಿಲ್ಲವೆಂಬ ಪಾಠ ಅಲ್ಲಿಯೇ ಇತ್ತು. ಮುಂದೆ ಇಬ್ಬರು ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡ್ ಎಂಬ ಗೋಪುರದಂಥ ವ್ಯೂಹ ನೆಲೆಗೊಂಡಿತು. ನಮ್ಮ ಶಾಲಾ ಕಾಲೇಜುಗಳ ಮೈದಾನಗಳಲ್ಲಿ ಬಹುಕಾಲ ಆಡುತ್ತಿದ್ದುದು ಇದನ್ನೇ.

ರಕ್ಷಣೆಯನ್ನು ದಾಳಿಯ ಬಲೆಯಾಗಿ ಬಳಸಬಹುದೆಂದು ಮೊದಲು ಕಂಡುಕೊಂಡವರಲ್ಲಿ ಹರ್ಬರ್ಟ್ ಚಾಪ್‌ಮನ್ ಮುಖ್ಯನು. ೧೯೦೭ರಲ್ಲಿ ಆತ ನಾರ್ತಾಂಪ್ಟನ್ ಎಂಬ ಸಣ್ಣ ಊರಿನ ತಂಡದ ಹೊಣೆ ಹೊತ್ತನು. ತನ್ನ ತಂಡ ಮೇಲೆ ಬಿದ್ದು ಆಡಿದಷ್ಟೂ ಎದುರಾಳಿಯ ರಕ್ಷಕರೆಲ್ಲ ಗೋಲಿನ ಮುಂದೆ ಗುಂಪಾಗುತ್ತಾರೆ, ಗೋಲು ಸಿಕ್ಕುವುದಿಲ್ಲ. ತಾನು ಹಿಂದೆ ಸರಿದರೆ ಅವರು ಮುಂದೆ ಬರುತ್ತಾರೆ, ಅವರ ಬೆನ್ನ ಹಿಂದೆ ಬಯಲು ತೆರೆಯುತ್ತದೆ—ಇದು ಅವನು ಕಂಡ ಸತ್ಯ. ಹಿಂದೆ ಸರಿದದ್ದು ಅಂಜಿ ಅಲ್ಲ, ಕರೆಯುವುದಕ್ಕೆ.

೧೯೨೫ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅದುವರೆಗೆ ಚೆಂಡು ಪಡೆಯುವ ಫಾರ್ವರ್ಡಿನ ಮತ್ತು ಗೋಲಿನ ಗೆರೆಯ ನಡುವೆ ಎದುರಾಳಿಗಳು ಮೂವರಿರಬೇಕಾಗಿತ್ತು. ಇನ್ನು ಇಬ್ಬರಿದ್ದರೆ ಸಾಕೆಂದಾಯಿತು. ಇಂಗ್ಲೆಂಡಿನ ಮೊದಲ ದರ್ಜೆಯ ಲೀಗಿನಲ್ಲಿ ಹಿಂದಿನ ವರ್ಷ ೧,೧೯೨ ಇದ್ದ ಗೋಲುಗಳು ಒಂದೇ ಋತುವಿನಲ್ಲಿ ೧,೭೦೩ಕ್ಕೆ ಏರಿದುವು. ಆ ಅಕ್ಟೋಬರಿನಲ್ಲಿ ಚಾಪ್‌ಮನ್ನನ ಹೊಸ ತಂಡವಾದ ಆರ್ಸೆನಲ್ ನ್ಯೂಕಾಸಲ್ ಎದುರು ಏಳು ಗೋಲಿನಿಂದ ಸೋತಿತು. ಆ ಸೋಲಿನಿಂದ ಹುಟ್ಟಿದ್ದು ಮೂರನೆಯ ಬ್ಯಾಕ್. ನಡುವಿನ ಹಾಫ್‌ಬ್ಯಾಕನ್ನು ಹಿಂದಕ್ಕೆಳೆದು ಇಬ್ಬರು ಬ್ಯಾಕುಗಳ ನಡುವೆ ನಿಲ್ಲಿಸಿದರು. ಫಾರ್ವರ್ಡುಗಳಲ್ಲಿ ಇಬ್ಬರನ್ನು ಮಧ್ಯಕ್ಕೆ ತಂದರು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಡಬ್ಲ್ಯು ಮತ್ತು ಎಂ ಅಕ್ಷರಗಳಂತೆ ಕಾಣುವುದರಿಂದ ಇದಕ್ಕೆ ಡಬ್ಲ್ಯು-ಎಂ ಎಂದೇ ಹೆಸರಾಯಿತು. ಆರ್ಸೆನಲ್ ಗೋಲಿನ ಮುಂದೆ ಕಾದು, ಚೆಂಡು ಸಿಕ್ಕಿದ ಕ್ಷಣ ಅದನ್ನು ಅಲೆಕ್ಸ್ ಜೇಮ್ಸ್ ಎಂಬ ಗಿಡ್ಡ ಆಟಗಾರನಿಗೆ ಕೊಡುತ್ತಿತ್ತು; ಅವನ ಒಂದು ಉದ್ದನೆಯ ಹೊಡೆತ ಅಂಚಿನಲ್ಲಿ ಓಡುವ ಹ್ಯೂಮ್ ಅಥವಾ ಬಾಸ್ಟಿನ್ನನ ಕಾಲಿಗೆ ಬೀಳುತ್ತಿತ್ತು. ಅಂಚಿನ ಆಟಗಾರನಾದ ಬಾಸ್ಟಿನ್ ೧೯೩೨-೩೩ರಲ್ಲಿ ಲೀಗಿನಲ್ಲಿ ೩೩ ಗೋಲು ಹೊಡೆದದ್ದು ಈ ಏರ್ಪಾಡಿನ ಫಲ. ಆ ವರ್ಷ ಆರ್ಸೆನಲ್ಲೇ ಚಾಂಪಿಯನ್. ಆದರೂ "ಅದೃಷ್ಟದ ಆರ್ಸೆನಲ್" ಎಂಬ ಕೊಂಕು ಮಾತು ತಪ್ಪಲಿಲ್ಲ.

ಆರ್ಸೆನಲ್ ಧನಿಕರ ತಂಡ. ಬಡವರಿಗೆ ಈ ವಿದ್ಯೆಯನ್ನು ಒಗ್ಗಿಸಿದವನು ಕಾರ್ಲ್ ರಪ್ಪಾನ್ ಎಂಬ ಆಸ್ಟ್ರಿಯನ್. ೧೯೩೨ರಲ್ಲಿ ಸ್ವಿಟ್ಜರ್ಲೆಂಡಿನ ಸರ್ವೆಟ್ ತಂಡಕ್ಕೆ ಬಂದನು. ಅಲ್ಲಿಯ ಆಟಗಾರರಿಗೆ ಆಟವೇ ಪೂರ್ಣ ಕಸುಬಾಗಿರಲಿಲ್ಲ. ಅಭ್ಯಾಸಕ್ಕೆ ಹೊತ್ತು ಕಡಿಮೆ, ಕಸುವೂ ಕಡಿಮೆ. ಒಬ್ಬನಿಗೊಬ್ಬ ಸಮನಾಗಿ ಕಾದಲಾರದವರು ಒಟ್ಟಾಗಿ ಕಾಯಬಹುದೆಂದು ರಪ್ಪಾನ್ ಎಣಿಸಿದನು. ಎರಡು ಅಂಚಿನ ಹಾಫ್‌ಬ್ಯಾಕುಗಳನ್ನು ಹಿಂದಕ್ಕೆ ತಂದು ಎದುರಾಳಿಯ ಅಂಚಿನವರಿಗೆ ಜೋಡಿಸಿದನು. ನಡುವಿನ ಇಬ್ಬರು ಬ್ಯಾಕುಗಳಲ್ಲಿ ಒಬ್ಬನನ್ನು ಇನ್ನೊಬ್ಬನ ಬೆನ್ನಿಗೆ, ಯಾರ ಜೊತೆಗೂ ಗಂಟುಬೀಳದಂತೆ ನಿಲ್ಲಿಸಿದನು. ಬಾಗಿಲಿಗೆ ಅಡ್ಡ ಹಾಕಿದ ಅಗುಳಿಯಂತೆ ಅವನು ಎಡಕ್ಕೂ ಬಲಕ್ಕೂ ಸರಿಯುತ್ತ, ಮುಂದಿನವರನ್ನು ತಪ್ಪಿಸಿಕೊಂಡು ಬಂದ ಚೆಂಡನ್ನು ತಡೆಯುತ್ತಿದ್ದನು. ಫ್ರೆಂಚಿನಲ್ಲಿ ಇದಕ್ಕೆ 'ವೆರು' ಎಂದು ಹೆಸರು, ಅರ್ಥ ಅಗುಳಿಯೇ.

೧೯೩೮ರ ಜೂನ್‌ನಲ್ಲಿ ಫ್ರಾನ್ಸಿನಲ್ಲಿ ವಿಶ್ವಕಪ್. ಅದೇ ಮಾರ್ಚಿಯಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯವನ್ನು ನುಂಗಿ, ಅದರ ಒಳ್ಳೆಯ ಆಟಗಾರರನ್ನೂ ತನ್ನ ತಂಡಕ್ಕೆ ಸೇರಿಸಿಕೊಂಡಿತ್ತು. ಆ ತಂಡದ ಎದುರಿಗೆ ಪುಟ್ಟ ಸ್ವಿಟ್ಜರ್ಲೆಂಡ್. ಮೊದಲ ಪಂದ್ಯ ಒಂದಕ್ಕೊಂದು ಸಮ. ಐದು ದಿನಗಳ ಮೇಲೆ ಮರುಪಂದ್ಯದಲ್ಲಿ ಎರಡು ಗೋಲು ಹಿಂದೆ ಬಿದ್ದ ಸ್ವಿಸ್ ತಂಡ ೪-೨ರಿಂದ ಗೆದ್ದಿತು. ಅಗುಳಿ ಹಾಕಿಕೊಂಡವರು ಹೊರಗೆ ಬಂದು ನಾಲ್ಕು ಗೋಲು ಹೊಡೆದರೆಂಬುದನ್ನು, ಈ ಪದ್ಧತಿಯನ್ನು ಹಳಿಯುವವರು ಮರೆಯಬಾರದು.

ಈ ನೀತಿ ಕನ್ನಡಿಗರಿಗೆ ಹೊಸದಲ್ಲ. ಮೊದಲನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಶಿಸ್ತಿನ ಕಾಲಾಳಿನ ಎದುರು ಹೈದರಾಲಿ ಬಯಲು ಕಾಳಗದಲ್ಲಿ ಪೆಟ್ಟು ತಿಂದದ್ದುಂಟು. ಆತ ತಪ್ಪಿಸಿಕೊಂಡು, ಸರಿದು, ಶತ್ರುವಿನ ಸೈನ್ಯವನ್ನು ದೂರಕ್ಕೆ ಎಳೆದನು. ಆಮೇಲೆ ೧೭೬೯ರ ಮಾರ್ಚಿಯಲ್ಲಿ ಮುಖ್ಯ ದಂಡನ್ನು ಬೇರೆ ಕಡೆಗೆ ಕಳುಹಿಸಿ, ಸುಮಾರು ೬,೦೦೦ ಕುದುರೆ ಸವಾರರೊಡನೆ ಮೂರೂವರೆ ದಿನಗಳಲ್ಲಿ ೧೩೦ ಮೈಲಿ ನಡೆದು ಮದರಾಸಿನ ಹೊಸ್ತಿಲಲ್ಲಿ ನಿಂತನು. ಏಪ್ರಿಲಿನಲ್ಲಿ ಇಂಗ್ಲಿಷರು ಕೌಲಿಗೆ ರುಜು ಹಾಕಿದರು. ಹಿಂದೆ ಸರಿದುದನ್ನಷ್ಟೇ ಕಂಡವನು ಹೈದರನನ್ನು ಸೋತವನೆಂದು ಬರೆದಿರುತ್ತಿದ್ದನು. ನಮ್ಮ ಕರಾವಳಿಯ ಹುಡುಗರು ಬಲು ಇಷ್ಟಪಟ್ಟು ಆಡುವ ಕಬಡ್ಡಿಯಲ್ಲಿಯೂ ಇದೇ ಮರ್ಮ. ದಾಳಿಗೆ ಬಂದವನನ್ನು ಗೆರೆಯಲ್ಲಿಯೇ ತಡೆಯುವುದಿಲ್ಲ. ಒಳಕ್ಕೆ ಬಿಟ್ಟುಕೊಂಡು, ಅವನ ಕಾಲು ಒಂದು ಹೆಜ್ಜೆ ಹೆಚ್ಚಾಗಿ ಮುಂದೆ ಬಂದಾಗ ಮೂಲೆಯವನು ಕಾಲಿಗೆ ಬೀಳುತ್ತಾನೆ. ಅಭಿಮನ್ಯುವಿಗೆ ವ್ಯೂಹದ ಒಳಗೆ ಹೋಗಲು ತಿಳಿದಿತ್ತು, ಹೊರಗೆ ಬರಲು ತಿಳಿದಿರಲಿಲ್ಲ. ರಕ್ಷಣೆಯನ್ನು ಕಲೆಯಾಗಿಸಿಕೊಂಡ ತಂಡ ಎದುರಾಳಿಯನ್ನು ಅಭಿಮನ್ಯುವನ್ನಾಗಿ ಮಾಡುತ್ತದೆ.

ಇಟಲಿಯಲ್ಲಿ ಅಗುಳಿಗೆ 'ಕತೆನಾಚ್ಚೊ' ಎಂಬ ಹೆಸರು ಬಂತು. ಸಾಲೆರ್ನೊ ಊರಿನ ತಂಡದ ಶಿಕ್ಷಕನಾಗಿದ್ದ ಜಿಪೊ ವಿಯಾನಿ ಒಂದು ಮುಂಜಾನೆ ಕಡಲ ದಂಡೆಯಲ್ಲಿ ತಿರುಗಾಡುತ್ತಿದ್ದಾಗ, ಬೆಸ್ತರು ಮೊದಲ ಬಲೆಯಿಂದ ನುಸುಳಿದ ಮೀನನ್ನು ಹಿಂದಿನ ಎರಡನೆಯ ಬಲೆಯಲ್ಲಿ ಹಿಡಿಯುವುದನ್ನು ಕಂಡು ಈ ಉಪಾಯ ಹೊಳೆಯಿತೆಂದು ಒಂದು ಕಥೆ ಇದೆ. ಕಥೆ ನಿಜವಿರಲಿ ಬಿಡಲಿ, ಮಂಗಳೂರಿನ ಬಂದರು ನೋಡಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೆರೆಯೊ ರೊಕ್ಕೊ ಎಂಬಾತ ಇದೇ ವಿದ್ಯೆಯಿಂದ ತ್ರಿಯೆಸ್ತೆಯ ಬಡ ತಂಡವನ್ನು ೧೯೪೭-೪೮ರಲ್ಲಿ ಇಟಲಿಯ ಲೀಗಿನಲ್ಲಿ ಎರಡನೆಯ ಸ್ಥಾನದ ಪಾಲಿಗೆ ಏರಿಸಿದನು. ೧೯೬೩ರಲ್ಲಿ ಮಿಲಾನ್ ತಂಡಕ್ಕೆ ಯುರೋಪಿಯನ್ ಕಪ್ ತಂದುಕೊಟ್ಟನು.

ಅದೇ ಮಿಲಾನ್ ನಗರದ ಇನ್ನೊಂದು ತಂಡ ಇಂಟರ್. ಅದರ ಶಿಕ್ಷಕ ಎಲೆನಿಯೊ ಎರೆರಾ, ಅರ್ಜೆಂಟೀನದಲ್ಲಿ ಹುಟ್ಟಿ ಮೊರೊಕ್ಕೊದ ಕಾಸಾಬ್ಲಾಂಕದಲ್ಲಿ ಬೆಳೆದವನು. ಅವನ ವ್ಯೂಹವನ್ನು ತುಸು ಬಿಡಿಸಿ ನೋಡುವುದು ಒಳ್ಳೆಯದು. ನಾಲ್ವರು ಬ್ಯಾಕುಗಳಲ್ಲಿ ಮೂವರು ಒಬ್ಬೊಬ್ಬ ಎದುರಾಳಿಗೆ ಅಂಟಿಕೊಂಡಿರುವರು. ಅವರ ಹಿಂದೆ ಸ್ವತಂತ್ರನಾದ ಪಿಕ್ಕಿ—ಎರಡನೆಯ ಬಲೆ. ಚೆಂಡು ದಕ್ಕಿದೊಡನೆ ಅದು ಮಧ್ಯದಲ್ಲಿರುವ ಸುವಾರೆಸನ ಕಾಲಿಗೆ. ಅವನ ಉದ್ದನೆಯ ಹೊಡೆತಕ್ಕೆ ಬಲದಂಚಿನಲ್ಲಿ ಜಾಯಿರ್, ನಡುವೆ ಮಝೋಲ ಓಡುವರು. ಎಡಗಡೆಯ ಬ್ಯಾಕ್ ಫಕ್ಕೆತ್ತಿಯೋ, ರಕ್ಷಕನಾಗಿದ್ದೂ ಅಂಚಿನುದ್ದಕ್ಕೂ ಓಡಿ ತಾನೇ ಗೋಲು ಹೊಡೆಯುವನು. ಇಂಟರ್ ೧೯೬೪ರಲ್ಲಿ ವಿಯೆನ್ನದಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು ೩-೧ರಿಂದ, ೧೯೬೫ರಲ್ಲಿ ತನ್ನೂರಿನಲ್ಲೇ ಬೆನ್‌ಫಿಕವನ್ನು ೧-೦ಯಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದಿತು.

ಇಂದಿನ ತಂಡಗಳು ಸ್ವತಂತ್ರ ಬ್ಯಾಕನ್ನು ಬಹುಮಟ್ಟಿಗೆ ಕೈಬಿಟ್ಟಿವೆ. ನಾಲ್ವರ ಎರಡು ಸಾಲು, ಮುಂದೆ ಇಬ್ಬರು—ಇದು ಸಾಮಾನ್ಯವಾದ ರೂಪ. ಎರಡು ಸಾಲುಗಳ ನಡುವೆ ಹತ್ತು ಹನ್ನೆರಡು ಗಜಕ್ಕಿಂತ ಹೆಚ್ಚು ತೆರಪು ಬಿಡಬಾರದು. ಚೆಂಡು ಎಡಕ್ಕೆ ಹೋದರೆ ಎಂಟು ಮಂದಿಯೂ ಎಡಕ್ಕೆ ಸರಿಯಬೇಕು. ಅಂಚನ್ನು ಬಿಟ್ಟುಕೊಟ್ಟರೂ ನಡುವನ್ನು ಬಿಟ್ಟುಕೊಡಬಾರದು. ಚೆಂಡು ಕೈಗೆ ಬಂದ ಕ್ಷಣವೇ ನಿಜವಾದ ಪರೀಕ್ಷೆ. ಎದುರಾಳಿಯ ಬ್ಯಾಕುಗಳು ಮುಂದೆ ಬಂದುಬಿಟ್ಟಿರುತ್ತಾರೆ. ಅವರು ತಿರುಗಿ ಓಡುವ ಮೊದಲು, ಅಂದರೆ ಬಾಯಲ್ಲಿ ಹತ್ತು ಎಣಿಸುವುದರೊಳಗೆ, ಚೆಂಡು ಆಚೆಯ ಗೋಲಿನ ಮುಂದಿರಬೇಕು. ಮೊದಲ ಹೊಡೆತ ಪಕ್ಕಕ್ಕೆ ಹೋದರೆ ಅವಕಾಶ ಹೋಯಿತು, ಮುಂದಕ್ಕೇ ಹೋಗಬೇಕು. ಎಂಬತ್ತು ನಿಮಿಷ ಕಾಯ್ದು ದಣಿದ ಕಾಲು ಆ ಹತ್ತು ಎಣಿಕೆಯಲ್ಲಿ ಮೈದಾನದ ಉದ್ದಕ್ಕೂ ಓಡಬೇಕು. ಇದನ್ನು ಸೋಮಾರಿಗಳ ಆಟವೆಂದವರು ಒಮ್ಮೆ ಓಡಿ ನೋಡಲಿ.

ಹಾಗೆಂದು ಈ ಪದ್ಧತಿಯ ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ೧೯೬೭ರ ಮೇ ೨೫ರಂದು ಲಿಸ್ಬನ್ನಿನಲ್ಲಿ ಇಂಟರ್ ತಂಡಕ್ಕೆ ಸ್ಕಾಟ್ಲೆಂಡಿನ ಸೆಲ್ಟಿಕ್ ಎದುರಾಯಿತು. ಸೆಲ್ಟಿಕ್ಕಿನ ಆಟಗಾರರೆಲ್ಲ ಗ್ಲಾಸ್ಗೊ ಊರಿನ ಸುತ್ತಣ ಮೂವತ್ತು ಮೈಲಿಯೊಳಗೆ ಹುಟ್ಟಿದವರು. ಏಳನೆಯ ನಿಮಿಷದಲ್ಲಿ ಮಝೋಲ ಪೆನಾಲ್ಟಿಯಿಂದ ಗೋಲು ಹೊಡೆದನು. ಅಲ್ಲಿಂದ ಇಂಟರ್ ಬಾಗಿಲು ಹಾಕಿಕೊಂಡು ಕುಳಿತಿತು. ಮತ್ತೆ ತೆರೆಯಲೇ ಇಲ್ಲ. ಅಲೆಯ ಮೇಲೆ ಅಲೆಯಂತೆ ಬಂದ ಸೆಲ್ಟಿಕ್ಕಿಗೆ ೬೩ನೆಯ ನಿಮಿಷದಲ್ಲಿ ಗೆಮೆಲ್, ೮೪ನೆಯ ನಿಮಿಷದಲ್ಲಿ ಚಾಮರ್ಸ್ ಗೋಲು ತಂದುಕೊಟ್ಟರು. ಅಗುಳಿ ಇರುವುದು ಬಾಗಿಲು ಮುಚ್ಚುವುದಕ್ಕೆ ಮಾತ್ರವಲ್ಲ, ಬೇಕಾದಾಗ ಸರಿಸಿ ತೆರೆಯುವುದಕ್ಕೂ. ತೆರೆಯುವುದನ್ನು ಮರೆತರೆ ಮನೆ ಸೆರೆಮನೆಯಾಗುತ್ತದೆ. ರಕ್ಷಣೆಯಿಂದ ಪ್ರತಿದಾಳಿಯನ್ನು ಕಳೆದರೆ ಉಳಿಯುವುದು ಭಯವೊಂದೇ. ಮೆಟ್ಟಿಲ ಮೇಲಿನವರು ಹೇಡಿತನವೆಂದು ಹಳಿಯಬೇಕಾದದ್ದು ಅದನ್ನು.

ನಮ್ಮ ನಾಡಿನ ಕಡೆಗೆ ತಿರುಗಿದರೆ, ಬಲವಂತರ ಎದುರು ಎದೆಗುಂದದವರ ಪರಂಪರೆ ಇಲ್ಲಿಯೂ ಇದೆ. ಬೊಂಬಾಯಿಯ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಾಗಿತ್ತು. ೧೯೩೭ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ೧೯೩೮ರಲ್ಲಿ ಮತ್ತೆ ಗೆದ್ದದ್ದೂ ಅದೇ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯—ಹೀಗೆ ನಾಲ್ಕು ಸಲ ಪಡೆಯಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳ. ಆಮೇಲೆ ೫೪ ವರ್ಷಗಳ ಬರ. ೨೦೨೩ರ ಮಾರ್ಚಿಯಲ್ಲಿ ಸೌದಿ ಅರೇಬಿಯದ ರಿಯಾಧಿನಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿ ಕರ್ನಾಟಕ ಅದನ್ನು ಮರಳಿ ತಂದಿತು.

೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಿನಲ್ಲಿ ಆಡಿದ ಭಾರತ ಫ್ರಾನ್ಸಿನ ಎದುರು ೧-೨ರಿಂದ ಸೋತಿತು. ಎರಡು ಪೆನಾಲ್ಟಿ ಕೈತಪ್ಪಿದರೂ ಕೊನೆಯ ನಿಮಿಷಗಳವರೆಗೆ ಸಮನಾಗಿಯೇ ನಿಂತಿತ್ತು. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡದ 'ಪಂಚಪಾಂಡವ'ರಲ್ಲಿ ಒಬ್ಬರಾದವರು. ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ನಮ್ಮ ಗೋಲಿಗೆ ಹತ್ತು ಸಲ ಚೆಂಡು ಹೊಗಿಸಿತು. ನಮಗೆ ಸಿಕ್ಕಿದ್ದು ಒಂದು. ಆಡುವ ಕಾಲು ಎಷ್ಟು ಜಾಣವಾದರೂ ಕಾಯುವ ವ್ಯವಸ್ಥೆ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಡ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರು ತಂಡವನ್ನು ತಿದ್ದಿ ಕಟ್ಟಿದರು. ೧೯೫೬ರಲ್ಲಿ ಮೆಲ್ಬರ್ನಿನಲ್ಲಿ ನಮ್ಮ ಕೆಂಪಯ್ಯನವರೂ ಇದ್ದ ತಂಡ ನಾಲ್ಕನೆಯ ಸ್ಥಾನಕ್ಕೇರಿತು. ೧೯೬೨ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಮೊದಲು ದಕ್ಷಿಣ ಕೊರಿಯದ ಎದುರು ಎರಡು ಗೋಲಿನಿಂದ ಸೋತ ಭಾರತ, ಅಂತಿಮ ಪಂದ್ಯದಲ್ಲಿ ಅದೇ ಕೊರಿಯವನ್ನು ೨-೧ರಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಹೊಡೆದವರಲ್ಲಿ ಒಬ್ಬರು ಜರ್ನೈಲ್ ಸಿಂಗ್—ಕಸುಬಿನಿಂದ ಬ್ಯಾಕ್! ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ಅವರನ್ನು ರಹೀಮ್ ಸಾಹೇಬರು ಮುಂದಿನ ಸಾಲಿನಲ್ಲಿ ಆಡಿಸಿದರು. ಆ ಹೊತ್ತಿಗೆ ರೋಗಗ್ರಸ್ತರಾಗಿದ್ದ ರಹೀಮ್ ಮರುವರ್ಷವೇ ತೀರಿಕೊಂಡರು. ತಡೆಯುವವನಿಗೆ ಹೊಡೆಯುವುದಕ್ಕೂ ಬರುತ್ತದೆ ಎಂಬುದನ್ನು ತೋರಿಸಿಕೊಟ್ಟೇ ಹೋದರು.

ಈಚಿನ ಕಾಲದಲ್ಲಿ ಯಾರೂ ಲೆಕ್ಕಕ್ಕಿಡದ ಗ್ರೀಸ್ ೨೦೦೪ರಲ್ಲಿ ಪೋರ್ಚುಗಲ್ಲನ್ನು ಅದರ ನೆಲದಲ್ಲಿಯೇ ೧-೦ಯಿಂದ ಸೋಲಿಸಿ ಯುರೋಪಿನ ಕಿರೀಟ ಧರಿಸಿತು. ೨೦೨೨ರಲ್ಲಿ ಕತಾರಿನ ವಿಶ್ವಕಪ್ಪಿನಲ್ಲಿ ಮೊರೊಕ್ಕೊ, ಆಫ್ರಿಕದಿಂದ ಸೆಮಿಫೈನಲ್ ತಲುಪಿದ ಮೊದಲ ದೇಶವಾಯಿತು. ಅಲ್ಲಿಯವರೆಗೆ ಅದರ ಗೋಲಿಗೆ ಬಿದ್ದ ಚೆಂಡು ಒಂದೇ. ಅದೂ ತನ್ನವನ ಕಾಲಿಗೆ ತಾಗಿ ಒಳಗೆ ಹೋದದ್ದು. ಸ್ಪೇನ್ ದೇಶದವರು ಇಡೀ ಸಂಜೆ ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ಆಡಿದರೂ ಪೆನಾಲ್ಟಿಗಳಲ್ಲಿ ಸೋತು ಮನೆಗೆ ಹೋದರು. ಒಂದು ಕಾಲಕ್ಕೆ ತನ್ನ ನೆಲದ ಒಂದು ಭಾಗವನ್ನು ಆಳಿದವರ ಎದುರು ಮೊರೊಕ್ಕೊ ತನ್ನ ಬಾಗಿಲು ಕಾದ ಆ ಸಂಜೆ, ಅದನ್ನು ಹೇಡಿಗಳ ಆಟವೆಂದು ಕರೆಯುವ ಮನಸ್ಸು ಯಾರಿಗೂ ಬಂದಿರಲಾರದೆಂದು ನನ್ನ ನಂಬಿಕೆ.

ಸರ್ವೆಟ್, ತ್ರಿಯೆಸ್ತೆ, ನಾರ್ತಾಂಪ್ಟನ್, ಗ್ರೀಸ್, ಮೊರೊಕ್ಕೊ—ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ರಕ್ಷಣೆಯ ವಿದ್ಯೆಯನ್ನು ಕಂಡುಹಿಡಿದು ಬೆಳೆಸಿದವರಲ್ಲಿ ಹೆಚ್ಚಿನವರು ಹಣವಿಲ್ಲದವರು, ಹೆಸರಿಲ್ಲದವರು, ಸೋಲುವರೆಂದು ಮೊದಲೇ ತೀರ್ಮಾನವಾಗಿದ್ದವರು. ಧನಿಕರು ಆಮೇಲೆ ಅದನ್ನು ಕೊಂಡುಕೊಂಡರು, ಅಷ್ಟೆ. ಸುಂದರವಾಗಿ ಆಡಬೇಕೆಂಬ ಬೇಡಿಕೆ ಒಳ್ಳೆಯದೇ. ಆದರೆ ಉಳ್ಳವನು ಇಲ್ಲದವನ ಮುಂದೆ ಅದನ್ನು ಇಟ್ಟಾಗ, "ಸುಂದರವಾಗಿ ಸೋಲು" ಎಂದು ಹೇಳಿದಂತೆಯೇ ಆಗುತ್ತದೆ. ಸೋಲಲು ಒಪ್ಪದವನು ಮೊದಲು ತನ್ನ ಮನೆಯ ಬಾಗಿಲು ಭದ್ರಪಡಿಸುತ್ತಾನೆ. ಅಗುಳಿಯ ಮೇಲೆ ಕೈಯಿಟ್ಟು, ಹೊರಗಿನ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು, ಯಾವ ಗಳಿಗೆಯಲ್ಲಿ ಅದನ್ನು ಸರಿಸಬೇಕೆಂಬುದನ್ನು ಬಲ್ಲವನಾಗಿದ್ದರೆ, ಅವನಿಗೆ ಆಟ ಬರುತ್ತದೆಂದೇ ಹೇಳಬೇಕು.